ನಮ್ಮನೆಯ ಬಿಲ್ಲೆ ಮಣೆ

ಕೆಲವರ ಮನೆಗೆ ಹೊಸ ಸಾಮಾನು ಬಂದರೆ ಅದು ಒಂದು ಮೂಲೆಯಲ್ಲಿ ಕೂತು ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ನಮ್ಮನೆಯಲ್ಲಿ ಹಾಗಿಲ್ಲ. ಗಡಿಯಾರ ತಂದರೆ ಅದರ ಹಿಂದೆ ಒಂದು ಜಗಳ ಬರುತ್ತದೆ, ಲಾಟೀನು ತಂದರೆ ಒಂದು ರಂಪ ಬರುತ್ತದೆ. ಮಧುಗಿರಿ ಬೆಟ್ಟದ ಬುಡದಲ್ಲಿ ಇಷ್ಟೊಂದು ಮನೆಗಳಿದ್ದರೂ ಇಂಥವೆಲ್ಲ ನಮ್ಮ ಬಾಗಿಲನ್ನೇ ಹುಡುಕಿಕೊಂಡು ಬರುತ್ತವೆ. ತರಕಾರಿ ಹೆಚ್ಚುವ ಒಂದು ಮಣೆ ತಂದದ್ದಕ್ಕೆ ಏನೇನಾಯಿತೆಂದು ಹೇಳಿದರೆ, ಇವಳು ಕಟ್ಟಿ ಹೇಳುತ್ತಾಳೆ ಎನ್ನುತ್ತಾರೆ. ಕಟ್ಟಿ ಹೇಳುವಷ್ಟು ಬಿಡುವು ನನಗೆಲ್ಲಿ? ಕಂಕುಳಲ್ಲಿ ಮಗು, ಒಲೆಯ ಮೇಲೆ ಹುಳಿ.

೧. ಆರಿಸಿದ್ದು

ಮಣೆ ಬೇಕಾದದ್ದಕ್ಕೆ ಕಾರಣ ಎರಡು. ಮೊದಲನೆಯದು ನಮ್ಮ ಅತ್ತೆಯ ಈಳಿಗೆ. ಅದು ಅಡುಗೆಮನೆಯ ನಡುವೆ ಅಲಗು ಎತ್ತಿಕೊಂಡು ಕೋಟೆ ಬಾಗಿಲ ಪಹರೆಯವನ ಹಾಗೆ ನಿಂತಿರುತ್ತಿತ್ತು. ನನ್ನ ಮಗಳು ಆಗ ಅಂಬೆಗಾಲಿಡುತ್ತಿದ್ದಳು. ಇಡೀ ಮನೆಯಲ್ಲಿ ಅವಳಿಗೆ ಪ್ರೀತಿಯ ಜಾಗವೆಂದರೆ ಆ ಅಲಗಿನ ಬುಡ.

ಎರಡನೆಯದು ನನ್ನ ನಾದಿನಿ. ಹುಡುಗಿ ಲಕ್ಷಣವಾಗಿದ್ದಳು, ಹಾಡುತ್ತಿದ್ದಳು, ರಂಗೋಲಿ ಹಾಕುತ್ತಿದ್ದಳು. ಹೆಚ್ಚಲು ಮಾತ್ರ ಬರುತ್ತಿರಲಿಲ್ಲ. ಅವಳು ಹೆಚ್ಚಿಟ್ಟ ಹುರುಳಿಕಾಯಿಯನ್ನು ಬಾಣಲೆಗೆ ಹಾಕಬೇಕೋ ಒಲೆಯೊಳಗೆ ಇಡಬೇಕೋ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಕಳ್ಳಂಬೆಳ್ಳದ ಕಡೆಯಿಂದ ನೋಡಲು ಬಂದಿದ್ದ ಗಂಡಿನವರು ಉಪ್ಪಿಟ್ಟಿನಲ್ಲಿ ಅರ್ಧ ಈರುಳ್ಳಿ ಸಿಕ್ಕಿದ್ದಕ್ಕೆ ಎದ್ದು ಹೋದರು. ಈಗ ಪಾವಗಡದ ಕಡೆಯ ಒಬ್ಬ ಸ್ಕೂಲು ಮೇಷ್ಟರ ಸಂಬಂಧ ಬಂದಿತ್ತು. ಆತನನ್ನು ಒಂದು ಮದುವೆಯಲ್ಲಿ ಕಂಡಾಗಿನಿಂದ ನಾದಿನಿ ದಿನಕ್ಕೆರಡು ಸಲ ತಲೆ ಬಾಚುತ್ತಿದ್ದಳು. ಆತನ ತಾಯಿ ಮಾತ್ರ ಹೆಣ್ಣಿನ ಮುಖಕ್ಕಿಂತ ಮೊದಲು ಕೈ ನೋಡುವವರೆಂದು ಸುದ್ದಿ. ಈ ಸಂಬಂಧವೂ ತಪ್ಪಿದರೆ ಅದು ನಾದಿನಿಗೆ ಕಲಿಸದ ನನ್ನ ತಪ್ಪೆಂದು ಅತ್ತೆ ಆಗಲೇ ತೀರ್ಮಾನ ಮಾಡಿ ಇಟ್ಟುಕೊಂಡಿದ್ದರು.

ಶಿರಾದಲ್ಲಿ ಒಬ್ಬ ಸಾಹೇಬರ ಕಬ್ಬಿಣದ ಅಂಗಡಿಯಲ್ಲಿ ತರಕಾರಿ ಉಜ್ಜಿದರೆ ಬಿಲ್ಲೆ ಬಿಲ್ಲೆಯಾಗಿ ಬೀಳುವ ಮಣೆ ಬಂದಿದೆಯೆಂದು ಕೇಳಿ, ಯಜಮಾನರನ್ನು ಎಬ್ಬಿಸಿಕೊಂಡು ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಹೊರಟೆ. ಹಲಗೆಯ ನಡುವೆ ಒಂದು ಸೀಳು, ಸೀಳಿನಲ್ಲಿ ಓರೆಯಾಗಿ ಕೂತ ಅಲಗು, ಅಷ್ಟೇ ಅದು. ನಾನು ಮನೆಯಿಂದಲೇ ಸೌತೆಕಾಯಿ ಕಟ್ಟಿಕೊಂಡು ಹೋಗಿದ್ದೆ. ಅಲಗು ಅಲುಗಬಾರದು, ಬಿಲ್ಲೆ ಒಂದೇ ಸಮ ಬೀಳಬೇಕು, ಕೆಲಸವಾದ ಮೇಲೆ ಮಗುವಿಗೆ ಎಟುಕದಂತೆ ಮೊಳೆಗೆ ತೂಗುಹಾಕುವ ಹಾಗಿರಬೇಕು. ಇಷ್ಟು ನೋಡಿ, ಚಿಕ್ಕದೊಂದನ್ನು ಆರಿಸಿದೆ.

ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು. ಹೆಂಡತಿ ಆರಿಸಿದ್ದಕ್ಕೆ ಹಾಗೇ ರುಜು ಹಾಕಿಬಿಟ್ಟರೆ ಕಚೇರಿಯ ಮರ್ಯಾದೆ ಏನಾಗಬೇಕು? ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಒಂದು ದೊಡ್ಡ ಮಣೆಯನ್ನು ಎಳೆದರು. ಊಟಕ್ಕೆ ಕೂರುವ ಮಣೆಯಷ್ಟು ಉದ್ದಗಲ, ಕೆಳಗೆ ಹಾಗೆಯೇ ಗಿಡ್ಡ ಕಾಲು. ಮದುವೆಮನೆ ಅಡುಗೆಯವರಿಗೆಂದು ಮಾಡಿಸಿದ್ದು, ಮಾಡಿಸಿದವರು ಬರಲೇ ಇಲ್ಲ ಎಂದರು ಸಾಹೇಬರು. ಇದರ ಅಲಗು ಮೊಂಡಾಗಿರಬೇಕಲ್ಲವೇ ಎಂದು ಯಜಮಾನರು ಪರೀಕ್ಷೆಗೆ ಹೆಬ್ಬೆರಳನ್ನು ಅದರ ಮೇಲೆ ಉದ್ದಕ್ಕೂ ಎಳೆದರು. ಮೊಂಡಾಗಿರಲಿಲ್ಲ.

ನಾನು ಸೆರಗಿನ ಅಂಚು ಹರಿದು ಬೆರಳಿಗೆ ಸುತ್ತಿದೆ. ಸಾಹೇಬರು ನಾನು ಆರಿಸಿದ್ದ ಚಿಕ್ಕ ಮಣೆಯನ್ನು ಮೆಲ್ಲಗೆ ಒಳಗಿಟ್ಟು, ದೊಡ್ಡದನ್ನು ಗೋಣಿಯಲ್ಲಿ ಸುತ್ತತೊಡಗಿದರು.

"ಖೂನ್ ಹತ್ತಿದ ಮಾಲು ಇನ್ನೊಬ್ರಿಗೆ ಹೆಂಗೆ ಮಾರ್ಲಿ ಅಣ್ಣಾ? ಇದು ನಿಮ್ಮನ್ನೇ ಕಾಯ್ತಾ ಇತ್ತು."

೨. ಬೆಟ್ಟ ಕಂಡದ್ದು

ಮಣೆಯನ್ನು ಅತ್ತೆ ಹೊಸ್ತಿಲಲ್ಲೇ ತಡೆದರು. "ಒಂದ್ ಮನೇಗೆ ಎಲ್ಡು ಅಲಗು ಅಂದ್ರೆ ಸವತೀರು ಬಂದಂಗೆ ಕಣಮ್ಮಿ. ಅದ್ರಾಗೂ ಇದು ನನ್ ಮಗನ ರಕ್ತ ಕುಡ್ಕೊಂಡೇ ಬಂದೈತೆ" ಎಂದರು. ನನ್ನ ಕಡೆ ನೋಡಿದ ನೋಟದಲ್ಲಿ, ಮಗನ ರಕ್ತ ಕುಡಿಯುವವರ ಪಟ್ಟಿಯಲ್ಲಿ ಮಣೆಯದು ಎರಡನೆಯ ಹೆಸರೆಂದು ಗೊತ್ತಾಯಿತು.

ಅರಿಸಿನದ ನೀರಿನಲ್ಲಿ ತೊಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿದ ಮೇಲೆ ಅದಕ್ಕೆ ಒಳಗೆ ಪ್ರವೇಶ ಸಿಕ್ಕಿತು. ನಾನು ಈ ಮನೆಗೆ ಬಂದಾಗ ಇಷ್ಟು ಉಪಚಾರ ನಡೆದ ನೆನಪಿಲ್ಲ. ಬಿಲ್ಲೆ ಮಣೆ ಎಂದು ಹೆಸರಾಯಿತು. ಈಳಿಗೆ ಅಟ್ಟಕ್ಕೆ ಹೋಯಿತು, ಮಗಳು ಎರಡು ದಿನ ಅದನ್ನು ಹುಡುಕಿದಳು.

ಆ ವಾರವೇ ಮಾವನವರ ಸ್ನೇಹಿತರು, ಬಡವನಹಳ್ಳಿ ಕಡೆಯ ಪಟೇಲರೊಬ್ಬರು, ಊಟಕ್ಕೆ ಬಂದರು. ಗಾಳಿ ಬರಲೆಂದು ಜಗಲಿಯ ಮೇಲೇ ಎಲೆ ಹಾಕಿದೆವು. ನಾದಿನಿ ಮಣೆಯ ಮೇಲೆ ಸೌತೆಕಾಯಿ ಉಜ್ಜಿದ್ದಳು. ಜನ್ಮದಲ್ಲಿ ಮೊದಲ ಸಲ ಅವಳ ಕೈಯಿಂದ ತೆಳ್ಳಗಿನ ಹೋಳು ಬಿದ್ದಿದ್ದವು. ಅದನ್ನು ನೋಡಿ ನನಗೆ ಪಾವಗಡದ ಸಂಬಂಧ ಅರ್ಧ ಕುದುರಿದಷ್ಟೇ ಸಂತೋಷವಾಗಿತ್ತು.

ಪಟೇಲರು ಒಂದು ಬಿಲ್ಲೆಯನ್ನು ಎಲೆಯಿಂದ ಎತ್ತಲು ನೋಡಿದರು. ಅದು ಎಲೆಗೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ಮಾವನವರ ಕಡೆ ತಿರುಗಿದರು.

"ಯಜಮಾನ್ರೇ, ಇದ್ರಾಗೆ ಕೋಟೆ ಬೆಟ್ಟ ಪೂರ್ತಿ ಕಾಣ್ತೈತೆ. ಸೌತೆಕಾಯಿನೇ ಕಾಣ್ತಿಲ್ಲ."

ಮನೆಯಲ್ಲಿ ಬಡತನ ಬಂದು ಹೆಚ್ಚುವ ಕೈ ಹಿಡಿದಿದೆಯೆಂದು ಪಟೇಲರು ಊರಲ್ಲೆಲ್ಲ ಹೇಳುತ್ತಾರೆಂದು ಅತ್ತೆ ಒಳಗೆ ಬಂದು ಅತ್ತರು. ಆಮೇಲೆ ಮಾನ ಉಳಿಸಲು ಒಂದು ಇಡೀ ಸೌತೆಕಾಯಿಯನ್ನು ತೊಳೆದು ತಂದು ಪಟೇಲರ ಎಲೆಗೆ ಬಡಿಸಿದರು.

೩. ನೊರೆ

ಯುದ್ಧದ ಕಾಲ. ಬಟ್ಟೆ ಸೋಪು ಸಿಗುವುದೇ ಕಷ್ಟ. ಎದುರುಮನೆಯಾಕೆಗೆ ಎಲ್ಲಿಂದಲೋ ಒಂದು ಉದ್ದನೆಯ ಸೋಪಿನ ಪಟ್ಟಿ ಸಿಕ್ಕಿತು. ಅಕ್ಕತಂಗಿಯರಿಗೆಲ್ಲ ಸಮನಾಗಿ ಹಂಚಬೇಕಾಗಿತ್ತು. ಪಡವಲಕಾಯಿ ಹೆಚ್ಚಬೇಕೆಂದು ನಮ್ಮ ಬಿಲ್ಲೆ ಮಣೆ ಕೇಳಿ ಒಯ್ದರು. ವಾಪಸು ಕೊಡುವಾಗ, ನಿಮ್ಮ ಮಣೆ ಬಹಳ ಚೊಕ್ಕ ಎಂದು ಹೊಗಳಿದರು. ಚೊಕ್ಕ ಆಗದೆ ಇನ್ನೇನು?

ನನಗೇನು ಗೊತ್ತು? ಬಾಳೆಕಾಯಿ ಸಿಪ್ಪೆ ತೆಗೆದು, ಕಾದ ಎಣ್ಣೆಯ ಮೇಲೆ ಮಣೆ ಹಿಡಿದು ನೇರವಾಗಿ ಉಜ್ಜಿದೆ. ಬಾಣಲೆಯಲ್ಲಿ ಗುಳ್ಳೆ ಸ್ವಲ್ಪ ಹೆಚ್ಚಾಗಿಯೇ ಎದ್ದಿತು. ಕಡಲೆಕಾಯಿ ಎಣ್ಣೆ ಹೊಸದು, ಅದಕ್ಕೇ ಇರಬೇಕೆಂದುಕೊಂಡೆ. ಯಜಮಾನರು ಕಚೇರಿಯಿಂದ ಹಸಿದು ಬಂದವರು, ಅಲಗಿನಿಂದ ಬಿದ್ದ ಮೊದಲ ಒಬ್ಬೆಯನ್ನೇ ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿದರು. ಹೆಂಡತಿ ಮಾಡಿದ್ದನ್ನು ಉಗುಳಬಾರದೆಂಬ ಭಯಕ್ಕೋ ಏನೋ, ಮೇಲೆ ಒಂದು ಚೊಂಬು ನೀರು ಕುಡಿದರು. ಕುಡಿದ ಮೇಲೆ ಬಾಯಿಯ ಎರಡೂ ಕಡೆ ಬಿಳಿ ನೊರೆ ಬಂತು.

ಅತ್ತೆ ನೋಡಿದ್ದು ಅದನ್ನೇ. ಬಾಯಲ್ಲಿ ನೊರೆ ಎಂದರೆ ಮೂರ್ಛೆರೋಗ, ಮೂರ್ಛೆಗೆ ಕೈಯಲ್ಲಿ ಕಬ್ಬಿಣ ಹಿಡಿಸಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಯಜಮಾನರು ಏನೋ ಹೇಳಲು ಬಾಯಿ ತೆರೆದರು, ಮಾತಿನ ಬದಲು ಗುಳ್ಳೆ ಬಂದವು. "ಅಯ್ಯೋ, ನನ್ ಮಗನ ನಾಲ್ಗೆ ಬಿದ್ದೋಯ್ತಲ್ಲೋ" ಎಂದು ಅತ್ತೆ ಓಡಿದರು. ಬೀಗದ ಕೈಯ ಗೊಂಚಲು ಅವರ ಸೊಂಟದಲ್ಲೇ ಇತ್ತು. ಆದರೆ ಆತುರದಲ್ಲಿ ಕೈಗೆ ಹತ್ತಿರವಾಗಿ ಕಂಡ ಕಬ್ಬಿಣವನ್ನೇ ಮಗನ ಕೈಗೆ ಒತ್ತಿ, ಬಿಗಿಯಾಗಿ ಮುಷ್ಟಿ ಕಟ್ಟಿಸಿದರು.

ಶಿರಾದಲ್ಲಿ ಕುಯ್ದುಕೊಂಡದ್ದು ಬಲಗೈ ಹೆಬ್ಬೆರಳು. ಈ ಸಲ ಎಡಗೈಯದು.

೪. ಪಾವಗಡದವರು ಕೂತದ್ದು

ಕೊನೆಗೂ ಮೇಷ್ಟರ ಮನೆಯವರು ಹೆಣ್ಣು ನೋಡಲು ಬರುವ ದಿನ ಬಂತು. ಸಂಬಂಧ ತಂದವರು ಆ ಮನೆತನದ ಪದ್ಧತಿಗಳನ್ನು ಮೊದಲೇ ಹೇಳಿಹೋಗಿದ್ದರು. ಹುಡುಗನ ತಾಯಿ ಅಡುಗೆಮನೆಗೆ ಬಂದು ಹುಡುಗಿಯ ಕೈ ಕೆಲಸ ನೋಡುತ್ತಾರೆ. ಒಪ್ಪಿಗೆಯಾದರೆ, ಹೆಣ್ಣಿನ ಮನೆಯವರು ಕೊಟ್ಟ ಹೊಸ ಸೀರೆ ಉಟ್ಟುಕೊಂಡು ಹೊರಗೆ ಬರುತ್ತಾರೆ. ಸೀರೆ ನೋಡಿದ ಕೂಡಲೇ ಗಂಡಸರು ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ, ಮಾತು ಮುಗಿಯಿತು. ಒಪ್ಪಿಗೆಯಿಲ್ಲದಿದ್ದರೆ ಬಂದ ಸೀರೆಯಲ್ಲೇ ಹೊರಗೆ ಬಂದು ಗಾಡಿ ಹತ್ತುತ್ತಾರೆ.

ಬೆಳಿಗ್ಗೆಯಿಂದ ನಾದಿನಿ ನನ್ನ ಸೆರಗು ಬಿಟ್ಟಿರಲಿಲ್ಲ. "ಅತ್ತಿಗೆ, ಆವಮ್ಮ ಬ್ಯಾಡ ಅಂದ್ರೆ ನಾನು ಬಾವಿಗೆ ಬೀಳ್ತೀನಿ" ಎಂದಳು.

"ಬಾವಿಗೆ ಆಮ್ಯಾಲೆ ಬೀಳೀವಂತೆ. ಮೊದ್ಲು ಸೌತೆಕಾಯಿ ತೊಳಿ" ಎಂದೆ.

ಬಿಲ್ಲೆ ಮಣೆಯ ಮೇಲೆ ಒಂದು ತಟ್ಟೆ ತುಂಬ ಉಜ್ಜಿಟ್ಟಳು, ಈ ಸಲ ಅಲಗನ್ನು ಸ್ವಲ್ಪ ಎತ್ತಿ ಕೂರಿಸಿ, ಬೆಟ್ಟ ಕಾಣದಷ್ಟು ದಪ್ಪಕ್ಕೆ. ಅಟ್ಟದಿಂದ ಈಳಿಗೆ ಇಳಿಸಿ, ಎಲ್ಲ ಅದರಲ್ಲೇ ಹೆಚ್ಚಿದ್ದೆಂಬಂತೆ ಮುಂದೆ ಇಟ್ಟೆ. ಮಗಳನ್ನು ಎದುರುಮನೆಗೆ ಸಾಗಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದಾಯಿತು. ನಾದಿನಿ ಗಾಬರಿಯಲ್ಲಿ ಬಿಲ್ಲೆ ಮಣೆಯನ್ನು ಗೋಡೆಗೆ ಒರಗಿಸಿದ್ದ ಊಟದ ಮಣೆಗಳ ಸಾಲಿಗೆ ಸೇರಿಸಿಬಿಟ್ಟಳು, ಅಲಗು ಗೋಡೆಯ ಕಡೆಗೆ.

ಹುಡುಗನ ತಾಯಿ ಭಾರಿ ಆಳು, ಮೊಳಕಾಲ್ಮೂರು ರೇಷ್ಮೆ ಸೀರೆ. ಅತ್ತೆ ಚಾಪೆ ತರಲು ಹೋದರು. ಆಕೆ ಬೇಡವೆಂದು, ಕಣ್ಣನ್ನು ಹುಡುಗಿಯ ಕೈಯಿಂದ ಕದಲಿಸದೆ, ಹಿಂದಕ್ಕೆ ಕೈಚಾಚಿ ಸಾಲಿನಿಂದ ಒಂದು ಮಣೆ ಎಳೆದು ಹಾಕಿಕೊಂಡು ಕೂತರು. ಸಾಲಿನಲ್ಲಿ ಐದಾರು ಮಣೆಗಳಿದ್ದವು. ಯಾವುದು ಬಂತೆಂದು ಬೇರೆ ಹೇಳಬೇಕೇ?

ನಾನು ನಾದಿನಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಏಳಿ ಎಂದರೆ ಏಕೆ ಎನ್ನುತ್ತಾರೆ. ಏಕೆಂದು ಹೇಳಿದರೆ ತಟ್ಟೆಯಲ್ಲಿದ್ದ ಸೌತೆಕಾಯಿಯ ಗುಟ್ಟು ಹೇಳಬೇಕು. ನಾನು ಒಲೆಯ ಸೌದೆ ಸರಿಮಾಡಿದೆ, ಅವಳು ತಟ್ಟೆಯನ್ನು ಆಕೆಯ ಮುಂದಕ್ಕೆ ಸರಿಸಿದಳು.

"ಚಾಲಾ ಬಾಗುಂದಿ" ಎಂದು ಆಕೆ ಮೊದಲು ತಟ್ಟೆ ನೋಡಿ, ತಮ್ಮ ಪಾವಗಡದ ಕಡೆಯ ತೆಲುಗಿನಲ್ಲಿ ಮೆಚ್ಚಿದರು. ಮಾತಾಡುವಾಗ ಹಿಂದಕ್ಕೂ ಮುಂದಕ್ಕೂ ತೂಗುವುದು ಆಕೆಯ ಅಭ್ಯಾಸ. ರಾಗಿ ಮುದ್ದೆ ಕಟ್ಟುತ್ತೀಯಾ ಎಂದು ಕೇಳಿದರು, ಕೆಳಗೆ ಸರ್ ಎಂದಿತು. ಕಸೂತಿ ಬರುತ್ತದಾ ಎಂದರು, ಮತ್ತೆ ಸರ್ ಎಂದಿತು. ಇಲಿಯೇ ಎಂದು ಕೇಳಿದರು. ಹೌದು, ನಮ್ಮನೆಯಲ್ಲಿ ಇಲಿ ಬಹಳ ಎಂದೆ. ಹೆಣ್ಣು ನೋಡಲು ಬಂದವರ ಮುಂದೆ ಇಂಥ ಮಾತಾಡಿದ್ದಕ್ಕೆ ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಪ್ರಶ್ನೆ ಹೆಚ್ಚಾದ ಹಾಗೆಲ್ಲ ಮಣೆ ತನ್ನ ಕೆಲಸ ತಾನು ಮಾಡುತ್ತಿತ್ತು.

ಕೊನೆಗೆ ಆಕೆ ಒಂದು ಸೌತೆಕಾಯಿ ಎತ್ತಿ ನಾದಿನಿಯ ಕೈಗೆ ಕೊಟ್ಟು ಈಳಿಗೆ ತೋರಿಸಿದರು.

"ಏದೀ, ನನ್ ಮುಂದೊಂದು ಹೆಚ್ಚಮ್ಮಾ, ಚೂದ್ದಾಂ, ನೋಡೋಣ."

ನಾದಿನಿ ಹೆಚ್ಚಿದಳು. ಮೊದಲನೆಯ ಹೋಳಿನಿಂದ ದನ ಕಟ್ಟುವ ಗೂಟ ಮಾಡಬಹುದಿತ್ತು. ಎರಡನೆಯದು ಹಾರಿ ಹೋಗಿ ಅತ್ತೆಯ ಮಡಿಲಿಗೆ ಬಿತ್ತು. ಆಕೆ ತಟ್ಟೆಯ ಬಿಲ್ಲೆ ನೋಡಿದರು, ಗೂಟ ನೋಡಿದರು, ನನ್ನ ಮುಖ ನೋಡಿದರು. ಮುಖ ಗಂಟಾಯಿತು. "ಹಿಂಗಾ ವಿಷ್ಯ. ಆಯ್ತು, ಹೊರಗೆ ಹೇಳ್ತೀನಿ" ಎಂದು ಧಡಕ್ಕನೆ ಎದ್ದು ಬಾಗಿಲ ಕಡೆ ತಿರುಗಿದರು. ನಾದಿನಿಯ ಕಣ್ಣಲ್ಲಿ ನೀರು ತುಂಬಿತು.

ಆಗಲೇ ನಮಗೆಲ್ಲ ಆಕೆಯ ಹಿಂಭಾಗ ಕಂಡದ್ದು. ಒಳಗೆ ದಪ್ಪನೆಯ ಲಂಗ ಇತ್ತು, ಮೈಗೆ ಗಾಯವಾಗಲಿಲ್ಲ, ದೇವರು ದೊಡ್ಡವನು. ಆದರೆ ರೇಷ್ಮೆ ಸೀರೆ ಗಾಳಿಗೆ ಸಿಕ್ಕ ಬಾಳೆ ಎಲೆಯಂತೆ ಪಟ್ಟಿ ಪಟ್ಟಿಯಾಗಿ ಜೋತಾಡುತ್ತಿತ್ತು. ಪಟ್ಟಿಗಳು ಒಂದೇ ಸಮ, ಒಂದೇ ಅಗಲ. ಶಿರಾ ಸಾಹೇಬರು ನೋಡಿದ್ದರೆ ಹೆಮ್ಮೆ ಪಡುತ್ತಿದ್ದರು.

ಅಮ್ಮಾ, ಹೊರಗೆ ಬೀಗರೂ ಊರ ಗಂಡಸರೂ ಕೂತಿದ್ದಾರೆ ಎಂದು ನಾನು ಮೆಲ್ಲಗೆ ಹೇಳಿದೆ. ಆಕೆ ಹಿಂದಕ್ಕೆ ಕೈ ಹಾಕಿ ನೋಡಿಕೊಂಡರು. ಗೋಡೆಗೆ ಬೆನ್ನು ಕೊಟ್ಟು ನಿಂತರು. ಯಾವುದಾದರೂ ಹಳೆಯ ಸೀರೆ ಕೊಡೆಂದು ಪಿಸುಗುಟ್ಟಿದರು. ಹಳೆಯವನ್ನೆಲ್ಲ ಇವತ್ತೇ ಒಗೆಯಲು ನೆನೆಹಾಕಿಬಿಟ್ಟೆ ಎಂದೆ. ಅದು ಎಷ್ಟು ನಿಜವೆಂದು ಬಾನಿ ಬಗ್ಗಿ ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮನೆಯಲ್ಲಿ ಒಣಗಿದ್ದದ್ದು ಒಂದೇ ಸೀರೆ. ಒಪ್ಪಿಗೆಯಾದರೆ ಕೊಡಲೆಂದು ಅತ್ತೆ ತಟ್ಟೆಯಲ್ಲಿ ಅರಿಸಿನ ಕುಂಕುಮದ ಜೊತೆ ಇಟ್ಟಿದ್ದ ಹೊಸ ಹಸಿರು ಸೀರೆ.

ಆಕೆ ಅದನ್ನು ನೋಡಿದರು, ಬಾಗಿಲು ನೋಡಿದರು, ಮತ್ತೆ ಸೀರೆ ನೋಡಿದರು. ಉಟ್ಟುಕೊಂಡರು.

ಹಸಿರು ಸೀರೆ ಹೊಸ್ತಿಲು ದಾಟಿತೋ ಇಲ್ಲವೋ, ಹುಡುಗನ ತಂದೆ ಎದ್ದು ನಮ್ಮ ಮಾವನವರನ್ನು ತಬ್ಬಿಕೊಂಡರು. ತಾಂಬೂಲ ಬದಲಾಯಿತು. ನಮ್ಮ ಯಜಮಾನರು ಬಟ್ಟೆ ಸುತ್ತಿದ ಎರಡು ಹೆಬ್ಬೆರಳುಗಳನ್ನೂ ಎತ್ತಿಕೊಂಡು ಸಕ್ಕರೆ ಹಂಚಿದರು. ಆಕೆ ಏನೋ ಹೇಳಲು ಎರಡು ಸಲ ಬಾಯಿ ತೆರೆದರು. ಹೇಳಿದರೆ ಬಂದಾಗ ಉಟ್ಟಿದ್ದ ರೇಷ್ಮೆ ಸೀರೆ ಎಲ್ಲಿ ಎಂದು ಕೇಳುತ್ತಾರೆ. ಎರಡು ಸಲವೂ ಬಾಯಿಗೆ ಸಕ್ಕರೆ ಹಾಕಿದ್ದು ನಾನೇ.

ಮದುವೆ ಚೆನ್ನಾಗಿ ಆಯಿತು. ಮೇಷ್ಟರಿಗೆ ದಪ್ಪ ಹೋಳಿನ ಹುಳಿಯೇ ಇಷ್ಟವಂತೆ. ಬಿಲ್ಲೆ ಮಣೆಯನ್ನೂ ಹುಡುಗಿಯ ಜೊತೆ ಕಳಿಸೋಣವೆಂದು ಅತ್ತೆ ದೊಡ್ಡ ಮನಸ್ಸು ಮಾಡಿದಾಗ, ಬೀಗಿತ್ತಿ ಮದುವೆಯಲ್ಲೆಲ್ಲ ಇಟ್ಟ ಒಂದೇ ಒಂದು ಷರತ್ತು, ಅದು ಬರಕೂಡದು ಎಂಬುದು. ಹೀಗೆ ಮಣೆ ನನಗೇ ಉಳಿಯಿತು. ಬೀಗಿತ್ತಿ ಈಗಲೂ ಹಬ್ಬಕ್ಕೆ ನಮ್ಮನೆಗೆ ಬರುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಇರುತ್ತಾರೆ, ಎಲ್ಲರ ಅಡುಗೆಯಲ್ಲೂ ಹುಳುಕು ಹುಡುಕುತ್ತಾರೆ. ಎಲ್ಲವನ್ನೂ ನಿಂತೇ ಮಾಡುತ್ತಾರೆ.