ನೋಡಿದವರೊಬ್ಬರು

ದಪ್ಪ ಕನ್ನಡಕದಿಂದಾಗಿ ಕಾಲೇಜಿನಲ್ಲಿ ಸೋಡಾಬುಡ್ಡಿ ಎನಿಸಿಕೊಂಡಿದ್ದ ಹುಡುಗ ಆ ಬೆಳಗ್ಗೆ ಬೇಗನೇ ಮನೆ ಬಿಟ್ಟ. ಕಾರಣ, ಆಪ್ತಸಮಾಲೋಚನೆ ಕಲಿಸುವ ವಿಭಾಗದ ಮುಖ್ಯಸ್ಥರ ಒಂದು ಮಾತು.

"ಕುಡಿತ ಬಿಡೋರ ಸಭೆಗೆ ಹೋಗಿ, ಮೂಲೇಲಿ ಕೂತು ನೋಡ್ಕೊಂಡು ಬನ್ನಿ. ಹೋದ ವರ್ಷದವರು ಮನೇಲೇ ಕೂತು ಕತೆ ಕಟ್ಟಿದ್ರು. ಈ ಸಲ ಅಲ್ಲಿ ನಿಮ್ಮನ್ನ ನೋಡಿದವರೊಬ್ಬರು ನನಗೆ ಹೇಳ್ಬೇಕು. ಇಲ್ಲಾಂದ್ರೆ ಪರೀಕ್ಷೆಗೆ ಕೂರಿಸಲ್ಲ."

ಗಡುವು ಇವತ್ತೇ. ಸುಮ್ಮನೆ ಕೇಳುತ್ತ ಕೂರುವ ಕೆಲಸ ಎಂದು ನಂಬಿ ಈ ಕೋರ್ಸು ಸೇರಿದವನು ಅವನು. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಂತೆ.

ಸಭೆ ಮುಚ್ಚಿಹೋದ ಟೈಪಿಂಗ್ ಶಾಲೆಯ ಹಿಂದಿನ ಕೋಣೆಯಲ್ಲಿತ್ತು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ದುಂಡಗಿದ್ದಲ್ಲಿ ಮೂಲೆ ಎಲ್ಲಿಂದ ಬರಬೇಕು?

"ಬಿಟ್ಟು ಎಷ್ಟು ದಿನ ಆಯ್ತಪ್ಪಾ?" ನಿವೃತ್ತ ಬಸ್ ಕಂಡಕ್ಟರೊಬ್ಬರು ಟೀ ಕೊಡುತ್ತ ಕೇಳಿದರು.

"ನಾನು ಕುಡಿಯಲ್ಲ ಸಾರ್. ಸುಮ್ನೆ ನೋಡೋಕೆ ಬಂದೆ."

"ಹೂಂ. ನಾನೂ ಮೊದಮೊದಲು ನೋಡೋಕೇ ಬರ್ತಿದ್ದೆ."

ಅವನು ತನ್ನ ಸಂಕಟ ಹೇಳಿಕೊಂಡ. ಯಾರಾದರೂ ಕಾಲೇಜಿಗೆ ಬಂದು, ಈ ಹುಡುಗನನ್ನು ನೋಡಿದೆ ಎಂದರೆ ಸಾಕು.

"ಎಲ್ಲಿ ನೋಡಿದ್ರಿ ಅಂತ ಕೇಳಿದ್ರೆ?" ಕಂಡಕ್ಟರು ತಲೆಯಾಡಿಸಿದರು. "ನಮ್ಮ ಬೀಗರ ಲೆಕ್ಕದಲ್ಲಿ ನಾನೀಗ ವಾಕಿಂಗ್ ಹೋಗಿದೀನಿ."

"ನಮ್ಮತ್ತೆ ಲೆಕ್ಕದಲ್ಲಿ ನಾನು ಯೋಗ ಕ್ಲಾಸಲ್ಲಿದೀನಿ," ಎಂದಳು ಬ್ಯೂಟಿಪಾರ್ಲರ್ ನಡೆಸುವ ಒಬ್ಬ ಹೆಂಗಸು. "ವರ್ಷ ಆಯ್ತು. ಒಂದು ಆಸನ ತೋರ್ಸು ಅಂತ ಯಾವತ್ತು ಕೇಳ್ತಾರೋ."

"ಅಲ್ದೆ, ಇಲ್ಲಿ ಯಾರನ್ನ ನೋಡಿದ್ವಿ ಅನ್ನೋದು ಈ ಬಾಗಿಲು ದಾಟೋ ಹಾಗಿಲ್ಲ," ಎಂದರು ಕಂಡಕ್ಟರು. "ಎಲ್ರೂ ಮಾತು ಕೊಡ್ತೀವಿ. ನೀನೂ ಕೊಡು."

ಸೋಡಾಬುಡ್ಡಿ ಮಾತು ಕೊಟ್ಟ. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಅರ್ಧ ಮುಖಕ್ಕೆ ಮಫ್ಲರ್ ಸುತ್ತಿಕೊಂಡ ಒಬ್ಬರು ಒಳಗೆ ಬಂದು, ನೆಲ ನೋಡುತ್ತಲೇ ಅದನ್ನು ಬಿಚ್ಚಿದರು.

"ನಂದು... ಇವತ್ತೇ ಮೊದಲು."

ವಿಭಾಗದ ಮುಖ್ಯಸ್ಥರು.

ಅವನ ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ಖಾಲಿ ಇದ್ದದ್ದು ಅವನ ಪಕ್ಕದ ಕುರ್ಚಿಯೊಂದೇ. ಮುಖ್ಯಸ್ಥರು ಅದರ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತರು. "ಹೆಂಡತಿಗೆ ಗೊತ್ತಿಲ್ಲ. ಕಾಲೇಜಲ್ಲಂತೂ..." ಎಂದವರು ಪಕ್ಕಕ್ಕೆ ತಿರುಗಿ ಅವನನ್ನು ಕಂಡು, ಮತ್ತೆ ಮಫ್ಲರ್ ಸುತ್ತಿಕೊಂಡರು. ಸೋಡಾಬುಡ್ಡಿಗೆ ಅಯ್ಯೋ ಪಾಪ ಅನ್ನಿಸುವ ಮೊದಲು ಸಾಕ್ಷಿ ಸಿಕ್ಕಿತು ಅನ್ನಿಸಿತು. ಆಮೇಲೆ ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಹತ್ತು ಗಂಟೆಗೆ ಅವನು ಮುಖ್ಯಸ್ಥರ ಮೇಜಿನ ಮುಂದೆ ನಿಂತಿದ್ದ. ಪಕ್ಕದಲ್ಲೇ ಕಾಲೇಜೆಲ್ಲ ರೇಡಿಯೋ ಎಂದು ಕರೆಯುವ ಗುಮಾಸ್ತ.

"ಹೋಗಿದ್ರಾ?" ಮುಖ್ಯಸ್ಥರು ಪೇಪರ್‌ವೇಟನ್ನು ಕೇಳಿದರು.

"ಹೋಗಿದ್ದೆ ಸಾರ್."

"ನೋಡಿದವರು?"

"ಇದ್ದಾರೆ ಸಾರ್."

"ಯಾರಂತೆ?" ರೇಡಿಯೋ ಕತ್ತು ಚಾಚಿದ.

ಮುಖ್ಯಸ್ಥರ ಕಿವಿ ಕೆಂಪಾದವು. ಒಂದು ಮಾತು ಆಡಿದರೆ ಪರೀಕ್ಷೆ ಕೈಗೆ ಬರುತ್ತಿತ್ತು. ಅವನು ಬಾಯಿ ತೆರೆದ.

"ಹೇಳೋ ಹಾಗಿಲ್ಲ ಸಾರ್."

"ಬರೀ ಬುರುಡೆ ಸಾರ್," ಎಂದ ರೇಡಿಯೋ. "ನಿನ್ನೆ ಇವನ ಕ್ಲಾಸಿನ ಹುಡುಗಿ ಒಬ್ಬಳೂ ಹೀಗೇ ಅಂದಾಗ ಆಗಲ್ಲ ಅಂದ್ರಿ. ಇವನಿಗೆ ಬಿಟ್ರೆ, ಯಾಕೆ ಬಿಟ್ರಿ ಅಂತ ಎಲ್ರೂ ಕೇಳ್ತಾರೆ."

ಮುಖ್ಯಸ್ಥರು ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿದರು. "ಹಾಗಿದ್ರೆ... ಈ ವರ್ಷ ಆಗಲ್ಲಪ್ಪ."

ಸುದ್ದಿ ಬಿತ್ತರಿಸಲು ರೇಡಿಯೋ ಹೊರಗೋಡಿದ. ಸೋಡಾಬುಡ್ಡಿ ಕಾಲೆಳೆಯುತ್ತ ಬಾಗಿಲ ತನಕ ಹೋದ.

"ಇವ್ರೇ," ಮುಖ್ಯಸ್ಥರು ಹಿಂದಿನಿಂದ ಮೆಲ್ಲನೆ ಕರೆದರು. "ನಾಳೆ ಬೆಳಗ್ಗೆ ಹೋಗ್ತೀರಾ?"

"ಯಾಕೆ ಸಾರ್? ಪರೀಕ್ಷೆನೇ ಇಲ್ವಲ್ಲ."

"ಅಲ್ಲ... ಅಲ್ಲಿ ನನಗೆ ಗುರುತಿನವರು ಬೇರೆ ಯಾರೂ ಇಲ್ಲ."