ಕೈ ಅಲ್ಲಾಡಿಸದೆ ಕುಣಿಯೋದು

ಡ್ಯಾನ್ಸ್ ಕಲಿಯೋಕೆ ಹೋದವರಿಗೆ ಕಾಲು ಉಳುಕುತ್ತೆ ಅಂತ ಕೇಳಿದ್ದೆ. ನನಗೆ ಕಾಲಿಗಿಂತ ಹೆಚ್ಚಾಗಿ ಮರ್ಯಾದೆಯೇ ಉಳುಕಿದೆ, ಈಗಲೂ ಉಳುಕುತ್ತಲೇ ಇರುತ್ತೆ. ಮೆಲ್ಬರ್ನ್‌ಗೆ ಮಾಸ್ಟರ್ಸ್ ಓದಲು ಬಂದ ಮೊದಲ ವಾರ, ಯೂನಿವರ್ಸಿಟಿಯಲ್ಲಿ ಪುಕ್ಕಟೆ ಪಿಜ್ಜಾ ಹಂಚುತ್ತಿದ್ದ ಸಾಲಿನಲ್ಲಿ ನಿಂತೆ. ತಿಂದು ಮುಗಿಸುವಷ್ಟರಲ್ಲಿ ಐರಿಶ್ ಡ್ಯಾನ್ಸ್ ಕ್ಲಬ್ಬಿನ ಮೆಂಬರ್ ಆಗಿದ್ದೆ. ಹೊಸ ಊರು, ಗೆಳೆಯರು ಯಾರೂ ಇಲ್ಲ. ನೋಡೋಣ ಅಂತ ಹೋದೆ.

೧. ರೋಡು

ಈ ಕುಣಿತದಲ್ಲಿ ಸೊಂಟದಿಂದ ಮೇಲೆ ಏನೂ ಅಲ್ಲಾಡಬಾರದು. ಕೈ ಎರಡೂ ಪಕ್ಕಕ್ಕೆ ಅಂಟಿಕೊಂಡಿರಬೇಕು, ಕೆಲಸವೆಲ್ಲ ಕಾಲಿಗೆ. ಸ್ವಲ್ಪ ಕಲಿತ ಮೇಲೆ ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಮೇಜಿನ ಮೇಲೆ ಒರಗಿಸಿ, ಬೆವರು ಕಿತ್ತುಬರುವ ಹಾಗೆ ಕುಣಿದು ತೋರಿಸಿದೆ. ಅವರಿಗೆ ಕಾಣುತ್ತಿದ್ದದ್ದು ನನ್ನ ಎದೆಯಿಂದ ಮೇಲಿನ ಭಾಗ ಮಾತ್ರ ಅಂತ ನನಗೆ ಹೊಳೆದಿರಲಿಲ್ಲ.

ಅಪ್ಪ ತುಂಬಾ ಹೊತ್ತು ನೋಡಿ, "ಲೋ, ಡ್ಯಾನ್ಸ್ ಯಾವಾಗ ಶುರು ಮಾಡ್ತೀಯೋ?" ಅಂದರು.

ಅಮ್ಮ ಗದರಿದರು: "ಸುಮ್ನಿರಿ, ಪಾಪ ಬಸ್ಸಲ್ಲಿ ನಿಂತಿದಾನೆ. ಅಲ್ಲೂ ರೋಡು ನಮ್ಮ ಕಡೆ ಥರಾನೇ ಇದೆ ನೋಡಿ."

೨. ಆಂಟಿಯ ಪಾಸಂ

ಮೆಲ್ಬರ್ನಿನ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿ ಮೈಸೂರಿನ ಆಂಟಿಯೊಬ್ಬರ ಮನೆಯ ಮಹಡಿ ರೂಮಿನಲ್ಲಿ ರೆಂಟಿಗಿದ್ದೆ. ಟಕಟಕ ಅನ್ನುವ ಗಟ್ಟಿ ತಳದ ಡ್ಯಾನ್ಸ್ ಶೂ ಕೊಂಡ ಮೇಲೆ ಸಂಜೆಯೆಲ್ಲ ರೂಮಿನಲ್ಲೇ ಪ್ರಾಕ್ಟೀಸ್.

ಒಂದು ಸಂಜೆ ನೀರು ಕುಡಿಯಲು ಕೆಳಗೆ ಬಂದರೆ, ಆಂಟಿ ಮತ್ತು ಏಣಿ ಹಿಡಿದ ಒಬ್ಬ ಆಸಾಮಿ ಸೀಲಿಂಗ್ ನೋಡುತ್ತಾ ನಿಂತಿದ್ದಾರೆ. ಇಲ್ಲಿ ಪಾಸಂ ಅಂತ ಬೆಕ್ಕಿನಷ್ಟು ದೊಡ್ಡ ಪ್ರಾಣಿ ಮನೆಗಳ ಸೂರಿನೊಳಗೆ ಸೇರಿಕೊಳ್ಳುತ್ತೆ. ಅದನ್ನು ಹಿಡಿಯೋನನ್ನು ಆಂಟಿ ಬುಕ್ ಮಾಡಿದ್ದರು.

"ಮೇಲೆ ಹೋಗ್ಬೇಡ ಪುಟ್ಟ, ನಿನ್ನ ರೂಮಿನ ಮೇಲೇ ಓಡಾಡ್ತಿದೆ. ಈಗಷ್ಟೇ ನಿಂತಿತು!"

ಆತ ನನ್ನ ಶೂ ನೋಡಿದ. ನಿಧಾನವಾಗಿ ಏಣಿ ಮಡಚಿದ.

"ಮೇಡಂ, ಇದು ಪಾಸಂ ಅಲ್ಲ," ಅಂದ. "ಪಾಸಂಗೆ ತಾಳ ತಪ್ಪಲ್ಲ."

೩. ಚಿಕ್ಕಮ್ಮ

ಸಿಡ್ನಿಯ ಐರಿಶ್ ಹಬ್ಬವೊಂದರಲ್ಲಿ ನಮ್ಮ ಕ್ಲಬ್ಬಿನ ಎಂಟು ಜನ ಕೈ ಕೈ ಹಿಡಿದು ಸುತ್ತುವ ಗುಂಪು ನೃತ್ಯ ಇತ್ತು. ಇಡೀ ಸೆಮಿಸ್ಟರ್ ಅದಕ್ಕೇ ಬೆವರು ಸುರಿಸಿದ್ದೆವು. ಸ್ಟೇಜ್ ಹತ್ತುವ ಹೊತ್ತಿಗೆ ಒಬ್ಬಳಿಗೆ ಜ್ವರ. ಏಳು ಜನಕ್ಕೆ ಆ ಡ್ಯಾನ್ಸ್ ಆಗುವುದೇ ಇಲ್ಲ.

ನನ್ನನ್ನು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನ ತಮ್ಮ ಮನೆಯಿಂದ ಕಾರಿನಲ್ಲಿ ಕರೆತಂದಿದ್ದ ಚಿಕ್ಕಮ್ಮ, ರಿಟೈರ್ಡ್ ಡಾಕ್ಟರ್, ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತಿದ್ದರು. ನಮ್ಮ ಐರಿಶ್ ಟೀಚರ್ ನೇರ ಅವರ ಹತ್ತಿರ ಹೋಗಿ, "ಕೈ ಹಿಡಿದು ನಡೆದರೆ ಸಾಕು" ಅಂದರು.

"ಅಯ್ಯೋ, ನಂಗೆ ಮಂಡಿನೋವು" ಅಂದ ಚಿಕ್ಕಮ್ಮ, ನನ್ನ ಸಪ್ಪೆ ಮುಖ ನೋಡಿ ಸೆರಗು ಸಿಕ್ಕಿಸಿಕೊಂಡರು.

ಮೊದಲ ಸುತ್ತು ಸರಿಯಾಗೇ ಹೋಯ್ತು. ಎರಡನೆಯದರಲ್ಲಿ ಎಲ್ಲರೂ ಎಡಕ್ಕೆ ತಿರುಗಬೇಕು, ಚಿಕ್ಕಮ್ಮ ಬಲಕ್ಕೆ ತಿರುಗಿದರು. ನಾನು ಅವರ ಕೈ ಎಡಕ್ಕೆ ಜಗ್ಗಿದೆ. ಅವರು ಮಾತ್ರ ವಾರ್ಡಿನಲ್ಲಿ ರೌಂಡ್ಸ್ ಹೋಗುವ ದನಿಯಲ್ಲಿ, "ಕಮ್, ಕಮ್, ದಿಸ್ ವೇ!" ಅಂತ ಎಳೆದರು. ಆ ದನಿಗೆ ಎದುರಾಡುವ ಧೈರ್ಯ ಯಾರಿಗಿದೆ? ಎಲ್ಲರೂ ಹಿಂದೆ ಹೋದೆವು. ಸ್ಟೇಜ್ ಇಳಿದು, ಕುರ್ಚಿಗಳ ಮಧ್ಯೆ ನುಗ್ಗಿ, ಕೂತಿದ್ದ ಐರಿಶ್ ಅಜ್ಜಂದಿರನ್ನೂ ಎಬ್ಬಿಸಿ, ಅರ್ಧ ಹಾಲ್ ಆ ರೇಷ್ಮೆ ಸೀರೆಯ ಹಿಂದೆ ಕುಣಿಯಿತು. ವಾದ್ಯದವರು ನಿಲ್ಲಿಸಲೇ ಇಲ್ಲ. ನಾನೂ ಹೆಜ್ಜೆ ಮರೆತು ನಗುತ್ತಾ ಕುಣಿದೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ಹಗುರಾಗಿದ್ದು ಅದೇ ಮೊದಲು.

ಮುಗಿದ ಮೇಲೆ ಟೀಚರ್ ಕಣ್ಣೊರೆಸಿಕೊಳ್ಳುತ್ತಾ ಬಂದರು. ನಾನು ಸಾರಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಮುಂದಿನ ವರ್ಷವೂ ತಪ್ಪದೆ ಬರಬೇಕು!" ಅಂದರು.

"ಖಂಡಿತ ಬರ್ತೀನಿ" ಅಂದೆ ಖುಷಿಯಿಂದ.

"ನಿನ್ನಿಷ್ಟ ಕಣಪ್ಪ," ಅಂದರು ಟೀಚರ್. "ನಾನು ಕರೆದದ್ದು ನಿನ್ನ ಚಿಕ್ಕಮ್ಮನನ್ನ."