ಗುಡುಗಣ್ಣ ಬಂದ ದಿನ

ಕಟ್ಟುಹಲ್ಲು ಮಾಡುವವನಿಗೆ ಅವಸರ ಇರಬಾರದು. ಈ ಮಾತನ್ನು ಅವನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು, ಮುಖವನ್ನೇ ನೋಡದ ಜನಕ್ಕೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬಾಯಿಗಿಟ್ಟು "ಸ, ಶ" ಅಂತ ಹೇಳಿಸಿ ನೋಡದೆ ಅವನ ಒಂದು ಸೆಟ್ಟೂ ಹೊರಗೆ ಹೋಗುತ್ತಿರಲಿಲ್ಲ. "ಗಾಳಿ ತಪ್ಪಿಸ್ಕೊಂಡ್ರೆ ಮಾತು ಕೆಡುತ್ತೆ ಸಾರ್, ಇನ್ನೊಂದ್ಸಲ ಹೇಳ್ಸಿ" ಎಂದು ಬಾಗಿಲ ಸಂದಿಯಿಂದಲೇ ಡಾಕ್ಟರ ಪ್ರಾಣ ತಿನ್ನುತ್ತಿದ್ದ. ಅಕ್ಕಪಕ್ಕದವರ ಬಾಯಲ್ಲಿ ಅವನು ಹಲ್ಲಪ್ಪನಾಗಿದ್ದ.

ಹಲ್ಲಪ್ಪನಿಗೆ ಇನ್ನೊಂದು ಹುಚ್ಚಿತ್ತು. ಅದು ಗುಡುಗಣ್ಣನ ವಾದ್ಯತಂಡದ್ದು. ಗುಡುಗಣ್ಣ ಎಂಬುದು ಆ ತಂಡದ ಹಾಡುಗಾರನಿಗೆ ಅಭಿಮಾನಿಗಳಿಟ್ಟ ಹೆಸರು. ಹಲ್ಲಪ್ಪನ ಮನೆಯಲ್ಲಿ ಬೆಳಗಾದರೆ ಗುಡುಗಣ್ಣ, ಸಂಜೆಯಾದರೆ ಗುಡುಗಣ್ಣ. ಹೆಂಡತಿ ಸಹಿಸಿಕೊಂಡಿದ್ದಳು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ನೆಲಕ್ಕೆ ಕೋಲು ಕುಟ್ಟುತ್ತಿದ್ದರು. ಹೆಂಡತಿಯ ತಮ್ಮನಂತೂ ಬಂದಾಗಲೆಲ್ಲ, "ಇದು ಹಾಡಾ ಭಾವ, ನೀರಿನ ಪಂಪಾ?" ಎನ್ನುತ್ತಿದ್ದ.

"ರೆಕಾರ್ಡಲ್ಲಿ ಏನು ಗೊತ್ತಾಗುತ್ತೋ ನಿಂಗೆ? ಎದುರಿಗೆ ಕೂತು ಕೇಳ್ಬೇಕು. ಆಮೇಲೆ ನೀನೇ ಬಂದು ನನ್ನ ಕಾಲಿಗೆ ಬೀಳ್ತೀಯ!"

ಇಪ್ಪತ್ತು ವರ್ಷದಿಂದ ಹಲ್ಲಪ್ಪ ಇದನ್ನೇ ಹೇಳುತ್ತ ಬಂದಿದ್ದ. ಸ್ವತಃ ಅವನೂ ಎದುರಿಗೆ ಕೂತು ಕೇಳಿದವನಲ್ಲ. ಈಗ ಗುಡುಗಣ್ಣನೇ ಊರಿಗೆ ಬರುತ್ತಿದ್ದ. ಹಲ್ಲಪ್ಪ ಮೂವರಿಗೂ ಸೇರಿಸಿ ಮುಂದಿನ ಸಾಲಿನಲ್ಲೇ ಟಿಕೆಟ್ಟು ತೆಗೆದ. ಆ ಒಂದು ದಿನ ತನ್ನ ಮಾನ ಗುಡುಗಣ್ಣನ ಕೈಯಲ್ಲಿದೆ ಎಂದುಕೊಂಡ.

ಕಾರ್ಯಕ್ರಮದ ದಿನ ಮಧ್ಯಾಹ್ನ ಕೈ ತೊಳೆದು ಇನ್ನೇನು ಹೊರಡಬೇಕು, ಡಾಕ್ಟರು ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಮೇಲ್ದವಡೆಯ ಸೆಟ್ಟು. ಎರಡು ಹೋಳಾಗಿತ್ತು, ಮುಂದಿನ ಎರಡು ಹಲ್ಲು ನಾಪತ್ತೆ.

"ಯಾರೋ ಪರಸ್ಥಳದ ಹಿರಿಯರು. ಮುಖ ತೊಳೆಯುವಾಗ ಕೈಜಾರಿ ಬಿತ್ತಂತೆ. ಸಂಜೆಯೊಳಗೆ ಬೇಕೇ ಬೇಕಂತೆ."

"ಇವತ್ತಾ? ಸಾರ್, ಇವತ್ತು ಗುಡುಗಣ್ಣ!"

"ಯಾರಯ್ಯ ಅವನು?"

ಹಲ್ಲಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕುಸಿದ. ಡಾಕ್ಟರು ಅದನ್ನು ಲೆಕ್ಕಕ್ಕೇ ಇಡಲಿಲ್ಲ.

"ಪಾಪ, ಬಾಯಿಂದಲೇ ಬದುಕೋರಂತೆ. ಹೆಸರು ಹೊರಗೆ ಬಿಡ್ಬೇಡಿ ಅಂತ ಕೈ ಮುಗಿದ್ರು. ಮಾಡ್ಕೊಟ್ಟು ಹೋಗು."

ಹೆಸರು ಮುಚ್ಚಿಡುವವನು, ಬಾಯಿಂದಲೇ ಬದುಕುವವನು. ಯಾರೋ ರಾಜಕಾರಣಿಯೇ ಇರಬೇಕು ಎಂದು ಹಲ್ಲಪ್ಪ ತೀರ್ಮಾನಿಸಿದ. ಸಿಟ್ಟಿನಲ್ಲೇ ಪುಡಿ ಕಲಸಿದ, ಹೋಳುಗಳನ್ನು ಕೂಡಿಸಿದ, ಹೊಸ ಹಲ್ಲೆರಡನ್ನು ಕೂರಿಸಿದ. ಬೆರಳು ಸುಟ್ಟುಕೊಂಡ. ಅಷ್ಟರಲ್ಲಿ ಹೆಂಡತಿ ಫೋನು ಮಾಡಿದ್ದಾಯಿತು. ಸ್ವಲ್ಪ ಹೊತ್ತಿಗೆ ಆಟೋ ಬಾಗಿಲಿಗೇ ಬಂದು ನಿಂತು ಹಾರನ್ನು ಬಾರಿಸತೊಡಗಿತು. ಅದರೊಳಗಿಂದ ಮೇಷ್ಟ್ರು, "ಬರ್ತೀರೇನಪ್ಪಾ, ನಾನು ಮನೆಗೆ ಹೋಗಿ ಮಲಗಲಾ?" ಎಂದು ಕೂಗಿದರು.

"ಅವರು ಈಗ ಬರ್ತಾರೆ, ಬಾಯಿಗಿಟ್ಟು ನೋಡಿ ಹೋಗಯ್ಯ" ಎಂದರು ಡಾಕ್ಟರು.

"ಬೇಡ ಸಾರ್. ಸುಳ್ಳು ಹೇಳೋ ಬಾಯಿಗೆ ಇಷ್ಟು ಸಾಕು!"

ಡಾಕ್ಟರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಹಲ್ಲಪ್ಪ ಆಟೋ ಹತ್ತಿದ. ತಲೆಯ ತುಂಬ ಬಿಳಿ ಪುಡಿ ಕೂತಿತ್ತು. ಹೆಂಡತಿ ದಾರಿಯುದ್ದಕ್ಕೂ ಅದನ್ನು ಕೊಡವುತ್ತ ಬಂದಳು.

ಮೈದಾನ ಕಿಕ್ಕಿರಿದಿತ್ತು. ಮೇಷ್ಟ್ರು ಮುಂಜಾಗ್ರತೆಗೆಂದು ಕಿವಿಗೆ ಹತ್ತಿ ಇಟ್ಟುಕೊಂಡರು. ವಾದ್ಯಗಳು ಮೊಳಗಿದವು, ದೀಪಗಳು ಹೊತ್ತಿದವು, ಗುಡುಗಣ್ಣ ಬಂದ. ಹಲ್ಲಪ್ಪ ಮದುವೆಗೆ ಮುಂಚೆ ಹೆಂಡತಿಗೆ ಹಾಡಿ ತೋರಿಸಿದ್ದ ಹಾಡನ್ನೇ ಅವನು ಮೊದಲು ಎತ್ತಿಕೊಂಡ. ಹೆಂಡತಿ ಮೆಲ್ಲಗೆ ಹಲ್ಲಪ್ಪನ ಕೈ ಹಿಡಿದಳು.

"ಸಂಜೆ ಸರಿದರೂ ಸರಿಯದ ಸಖಿಯೇ..."

ಒಂದೊಂದು 'ಸ'ಕಾರಕ್ಕೂ ಮೈಕಿನಲ್ಲಿ ಸುಂಯ್ ಎಂದು ಶಿಳ್ಳೆ ಹೊಡೆಯಿತು, ಥೇಟ್ ಕುಕ್ಕರಿನ ಹಾಗೆ.

ಮೇಷ್ಟ್ರು ಹತ್ತಿ ತೆಗೆದರು. "ಎಷ್ಟು ಕೂಗಿಗೆ ಇಳಿಸೋದು ಇದನ್ನ?"

"ಬೆಂದಾಯ್ತು, ಒಲೆ ಆರ್ಸಿ ಭಾವ!" ಎಂದ ಭಾವಮೈದುನ.

ಹಿಂದಿನವರು ನಕ್ಕರು. ಎರಡನೆಯ ಹಾಡಿಗೆ ಜನವೇ ತಿರುಗಿ ಶಿಳ್ಳೆ ಹಾಕಿತು. ಹೆಂಡತಿ ಹಿಡಿದ ಕೈ ಬಿಟ್ಟು ಮುಖ ಮುಚ್ಚಿಕೊಂಡಳು. ಅವಳು ನಗುತ್ತಿದ್ದಾಳೆಂದು ಭುಜ ಅಲುಗಿದ್ದರಿಂದಲೇ ಗೊತ್ತಾಯಿತು. ಇಪ್ಪತ್ತು ವರ್ಷ ಕಾದಿದ್ದು ಇದಕ್ಕೇನಾ ಎಂದು ಹಲ್ಲಪ್ಪನಿಗೆ ಉರಿದುಹೋಯಿತು. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಎದ್ದು ನಿಂತಿದ್ದ.

"ಸಾಕು ನಿಲ್ಸಯ್ಯಾ! ಮನೆಗೆ ಹೋಗು!"

ಮೈದಾನಕ್ಕೆ ಅಷ್ಟೇ ಬೇಕಾಗಿತ್ತು. ಎಲ್ಲ ಕಡೆಯಿಂದಲೂ ಅದೇ ಕೂಗು ಎದ್ದಿತು. ಗುಡುಗಣ್ಣ ಕೈಯೆತ್ತಿ ವಾದ್ಯಗಳನ್ನು ನಿಲ್ಲಿಸಿದ. ಮುಂದಿನ ಸಾಲಿನ ಕಡೆ ಒಮ್ಮೆ ನೋಡಿದ.

"ಸರಿ, ಸಾಕು. ಇದೇ ಕೊನೆ. ಇನ್ನು ನಾನು ಹಾಡೋದಿಲ್ಲ."

ಎರಡು ಸಲ ಶಿಳ್ಳೆ ಹೊಡೆಯಿತು. ಈ ಸಲ ಯಾರೂ ನಗಲಿಲ್ಲ.

ವಾಪಸ್ಸು ಬರುವಾಗ ಆಟೋದಲ್ಲಿ ಹಲ್ಲಪ್ಪನ ಕಣ್ಣಲ್ಲಿ ನೀರಿತ್ತು. ಮೊದಲು ಕೂಗಿದ್ದು ತಾನು, ತನ್ನ ಬಾಯಿಗೆ ಮಣ್ಣು ಬೀಳಲಿ. ಮನೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನೆಟ್ಟಗೆ ಕೂತ.

"ಲೇ, ಅದು ಗಂಟಲ ದೋಷ ಅಲ್ವೇ ಅಲ್ಲ! ಕಟ್ಟುಹಲ್ಲು ಕಣೇ! ಮುಂದಿನ ಹಲ್ಲಲ್ಲಿ ಗಾಳಿ ತಪ್ಪಿಸ್ಕೊಳ್ತಾ ಇದೆ. ಯಾವ ಕಸುಬುಗೇಡಿ ಮಾಡಿದ್ನೋ, ಅವನ ಕೈ ಸೇದಿಹೋಗ! 'ಸ' ಹೇಳಿಸಿ ನೋಡೋಷ್ಟೂ ವ್ಯವಧಾನ ಇರ್ಲಿಲ್ವಾ?"

"ಸ್ವಂತ ಹಲ್ಲೇ ಇರ್ಬೋದು, ಬಿಡ್ರೀ."

"ನನ್ನ ಕಿವಿಗೆ ಹೇಳ್ತೀಯಾ? ನಾಳೆ ಬೆಳಿಗ್ಗೆ ಅವರಿಳ್ಕೊಂಡಿರೋ ಕಡೆ ಹುಡುಕ್ಕೊಂಡು ಹೋಗ್ತೀನಿ. ಕಾಲು ಹಿಡ್ಕೊಂಡು ತಪ್ಪಾಯ್ತು ಅಂತೀನಿ. ಹೊಸಾ ಸೆಟ್ಟು ಮಾಡ್ಕೊಡ್ತೀನಿ. ಮತ್ತೆ ಹಾಡ್ತಾರೆ ನೋಡು!"

ಆ ರಾತ್ರಿ ಅವನು ಸಮಾಧಾನವಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಸಾಮಾನು ತೆಗೆದುಕೊಳ್ಳಲೆಂದು ಆಸ್ಪತ್ರೆಗೆ ಓಡಿಬಂದರೆ ಡಾಕ್ಟರು ಆಗಲೇ ಬಂದು ಕೂತಿದ್ದರು.

"ಬಂದ್ಯಾ? ನಿನ್ನೆ ಸೆಟ್ಟು ಮಾಡಿಸ್ಕೊಂಡ ಹಿರಿಯರು ಈಗ ತಾನೇ ಬಂದು ಹೋದ್ರು. ಒಳ್ಳೇ ಮನುಷ್ಯ ಕಣಯ್ಯ. ಮಾತಾಡಿದ್ರೆ ಸ್ವಲ್ಪ ಶಿಳ್ಳೆ ಹೊಡೀತಿತ್ತು. ನಮ್ಮ ಹುಡುಗ ಬರ್ತಾನೆ, ಕೂತ್ಕೊಳ್ಳಿ, ಸರಿಮಾಡಿ ಕೊಡ್ತಾನೆ ಅಂದೆ. ಕೇಳ್ಲಿಲ್ಲ. ರೈಲಿಗೆ ಹೊತ್ತಾಯ್ತು ಅಂದ್ರು."

ಹಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮತ್ತೇನಂದ್ರು ಸಾರ್?"

"ಅಷ್ಟು ಅವಸರದಲ್ಲೂ ಮಾಡ್ಕೊಟ್ರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ ಅಂದ್ರು. ಇನ್ನು ಹಾಡೋದಂತೂ ಇಲ್ಲ, ಊಟಕ್ಕೆ ತಾನೇ, ಇಷ್ಟು ಸಾಕು ಅಂತ ನಕ್ಕರು."